ನಿಮ್ಮ ಕೋಪ ಯಾರಿಗಾಗಿ?

(ಲ್ಯಾಟರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬ, ನವೆಂಬರ್ 9)

ವಾಚನಗಳು: ಯೆಹೆಜ್ಕೇಲ 47:1-2, 8-9, 12, 1 ಕೊರಿಂಥ 3:9-11, 16-17, ಯೊವಾನ್ನ 2:13-22



ಇಂದು ಮಾತೆ ಧರ್ಮಸಭೆ ಒಂದು ದೇವಾಲಯದ ಹುಟ್ಟುಹಬ್ಬವನ್ನು ಕೊಂಡಾಡುತ್ತದೆ. ರೋಮ್ ನಗರದ ಲ್ಯಾಟರನ್ ಮಹಾದೇವಾಲಯವನ್ನು ಕ್ರಿ.ಶ. 324ರ ನವೆಂಬರ್ 9ರಂದು ಪೋಪ್ ಸಂತ ಸಿಲ್ವೆಸ್ಟರ್ ಅವರು ದೇವರಿಗೆ ಪ್ರತಿಷ್ಠಾಪಿಸಿದರೆಂದು ಪರಂಪರೆ ಹೇಳುತ್ತದೆ. ಪೋಪರ ಪ್ರಧಾನಾಲಯ ಸಂತ ಪೇತ್ರರ ಮಹಾದೇವಾಲಯವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ರೋಮಿನ ಧರ್ಮಾಧ್ಯಕ್ಷರಾದ ಪೋಪರ ಪೀಠವಿರುವುದು ಲ್ಯಾಟರನ್ನಿನಲ್ಲಿ. ಆದ್ದರಿಂದಲೇ ಅದನ್ನು ಲೋಕದ ಎಲ್ಲ ದೇವಾಲಯಗಳ ತಾಯಿ ಎಂದು ಕರೆಯುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಿಸಿಲಿನಲ್ಲಿ ನಾವು ಕೂಡಿ ಪ್ರಾರ್ಥಿಸುವ ಹೆಂಚಿನ, ಶೀಟಿನ ಪುಟ್ಟ ಗುಡಿಗೂ ಅದೇ ತಾಯಿ.

ಇಂಥ ಹಬ್ಬದ ದಿನ ಎಂಥ ಶುಭಸಂದೇಶವನ್ನು ನಿರೀಕ್ಷಿಸುತ್ತೇವೆ? ಸೊಲೊಮೋನ ಅರಸ ದೇವಾಲಯ ಕಟ್ಟಿದ ವೈಭವವನ್ನೋ, ಜಕ್ಕಾಯನ ಮನೆಗೆ ಯೇಸುಸ್ವಾಮಿ ಊಟಕ್ಕೆ ಹೋದ ಸಂತೋಷವನ್ನೋ ಓದಬಹುದಿತ್ತು. ಆದರೆ ಧರ್ಮಸಭೆ ಈ ದಿನಕ್ಕೆ ಆರಿಸಿಕೊಂಡಿರುವುದು ಕೋಪಗೊಂಡ ಯೇಸುವನ್ನು. ಕೈಯಲ್ಲಿ ಚಾವಟಿ, ಚೆಲ್ಲಿಹೋದ ನಾಣ್ಯಗಳು, ಉರುಳಿಬಿದ್ದ ಮೇಜುಗಳು, ಓಡುವ ದನಕುರಿಗಳು. ಮಕ್ಕಳ ಧರ್ಮೋಪದೇಶದ ಪುಸ್ತಕದಲ್ಲಿ ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಯೇಸುವನ್ನು ನೋಡಿ ಬೆಳೆದವರಿಗೆ ಈ ಚಿತ್ರ ಸ್ವಲ್ಪ ಇರುಸುಮುರುಸು ತರುತ್ತದೆ. ದೇವರ ಮಗನಿಗೆ ಕೋಪ ಬರಬಹುದೇ? ಅವರಿಗೆ ಬರಬಹುದಾದರೆ ನಮಗೆ ಏಕೆ ಬರಬಾರದು? ನಮಗೆ ಬರುವುದೂ ಅದೇ ಕೋಪವೋ?

ಪಾಪನಿವೇದನೆಗೆ ಬರುವವರ ಬಾಯಲ್ಲಿ ಎಲ್ಲೆಡೆಯೂ ಕೇಳಿಬರುವ ಮಾತೊಂದಿದೆ: ನನಗೆ ಕೋಪ ಜಾಸ್ತಿ. ಕೋಪ ಏಳು ಪ್ರಧಾನ ಪಾಪಗಳಲ್ಲಿ ಒಂದೆಂದು ನಾವು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದ್ದೇವೆ. ಅದು ನಿಜ. ಆದರೆ ಧರ್ಮಸಭೆಯ ಬೋಧನೆ ಅಲ್ಲಿಗೆ ಮುಗಿಯುವುದಿಲ್ಲ. ಸೇಡು ತೀರಿಸಿಕೊಳ್ಳುವ, ಇನ್ನೊಬ್ಬನಿಗೆ ಕೇಡು ಬಯಸುವ ಕೋಪವನ್ನು ಕಥೋಲಿಕ ಧರ್ಮೋಪದೇಶ ಗ್ರಂಥವು ಪಾಪವೆನ್ನುತ್ತದೆ. ದುರ್ಗುಣಗಳನ್ನು ತಿದ್ದಲು, ನ್ಯಾಯವನ್ನು ಕಾಪಾಡಲು ಪರಿಹಾರ ಕೇಳುವುದನ್ನು ಅದೇ ಗ್ರಂಥ ಮೆಚ್ಚುತ್ತದೆ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ವಿವೇಕಕ್ಕೆ ಒಳಪಟ್ಟ ಕೋಪ ಒಳ್ಳೆಯದು. ಕೋಪ ಬರಲೇಬೇಕಾದ ಕಡೆ ಬಾರದಿರುವುದು ಕೂಡ ದೋಷವೇ ಎನ್ನುತ್ತಾರೆ. ಅವರಿಗಿಂತ ಆರು ನೂರು ವರ್ಷಗಳ ಹಿಂದೆ ಪೋಪ್ ಮಹಾ ಗ್ರೆಗೋರಿಯವರು, ಕೋಪವು ಮನೆಯೊಡತಿಯಂತೆ ಮುಂದೆ ನಡೆಯಬಾರದು, ಕೆಲಸದವಳಂತೆ ವಿವೇಕದ ಹಿಂದೆ ನಡೆಯಬೇಕು ಎಂಬ ಅರ್ಥದಲ್ಲಿ ಬೋಧಿಸಿದ್ದರು.

ನಮ್ಮ ಕನ್ನಡ ನುಡಿಗೂ ಈ ವ್ಯತ್ಯಾಸ ಗೊತ್ತು. ಮುನಿಸು ಬೇರೆ, ಸಿಟ್ಟು ಬೇರೆ, ದ್ವೇಷ ಬೇರೆ, ಸೇಡು ಬೇರೆ. ಇವೆಲ್ಲವುಗಳಿಂದ ಪ್ರತ್ಯೇಕಿಸಿ ನಮ್ಮ ಹಿರಿಯರು ಒಂದಕ್ಕೆ ಸಾತ್ವಿಕ ಕೋಪ ಎಂದು ಹೆಸರಿಟ್ಟರು. ಇಂದಿನ ಶುಭಸಂದೇಶದಲ್ಲಿ ನಾವು ಕಾಣುವುದು ಅದನ್ನೇ. ಅದರ ಲಕ್ಷಣಗಳನ್ನು ಸ್ವಲ್ಪ ಸಾವಧಾನವಾಗಿ ನೋಡೋಣ.

ಮೊದಲನೆಯದಾಗಿ, ಯೇಸುಸ್ವಾಮಿಯ ಕೋಪ ದುಡುಕಿನ ಕೋಪವಲ್ಲ. ಅವರು ಹಗ್ಗಗಳಿಂದ ಚಾವಟಿ ಮಾಡಿದರೆಂದು ಸಂತ ಯೊವಾನ್ನರು ಬರೆಯುತ್ತಾರೆ. ಹಗ್ಗ ಹೊಸೆಯುವುದನ್ನು ಬಲ್ಲ ರೈತರು ಇಲ್ಲಿದ್ದೀರಿ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವ ಕೆಲಸವಲ್ಲ. ಕೈ ಹೊಸೆಯುತ್ತಿರುವಾಗ ಮನಸ್ಸು ಯೋಚಿಸುತ್ತಿರುತ್ತದೆ. ಸಂತ ಮಾರ್ಕರ ಶುಭಸಂದೇಶದ 11ನೇ ಅಧ್ಯಾಯದಲ್ಲಿ ಇನ್ನೊಂದು ವಿವರವಿದೆ. ಯೇಸು ಹಿಂದಿನ ಸಂಜೆಯೇ ದೇವಾಲಯಕ್ಕೆ ಹೋಗಿ, ಸುತ್ತಲೂ ಎಲ್ಲವನ್ನೂ ನೋಡಿ, ಹೊತ್ತಾಗಿದ್ದರಿಂದ ಬೆಥಾನಿಯಕ್ಕೆ ಹಿಂದಿರುಗುತ್ತಾರೆ. ವ್ಯಾಪಾರಿಗಳನ್ನು ಹೊರಗಟ್ಟುವುದು ಮರುದಿನ. ಒಂದು ರಾತ್ರಿ ಕಾದ ಕೋಪ ಅದು.

ಎರಡನೆಯದಾಗಿ, ಆ ಕೋಪ ತಮಗಾಗಿ ಬಂದದ್ದಲ್ಲ. ಜಾನುವಾರು ವ್ಯಾಪಾರ, ನಾಣ್ಯ ವಿನಿಮಯ ನಡೆಯುತ್ತಿದ್ದದ್ದು ದೇವಾಲಯದ ಹೊರ ಅಂಗಳದಲ್ಲಿ. ಯೆಹೂದ್ಯರಲ್ಲದವರಿಗೆ ಪ್ರವೇಶವಿದ್ದದ್ದು ಆ ಅಂಗಳದವರೆಗೆ ಮಾತ್ರ. ಅದರಾಚೆ ಕಾಲಿಟ್ಟರೆ ಮರಣದಂಡನೆ ಎಂದು ಕಲ್ಲಿನಲ್ಲಿ ಕೊರೆದಿದ್ದರು. ಆ ಕಲ್ಲು ಇಂದಿಗೂ ಉಳಿದಿದೆ. ಹೊರಗಿನವರಿಗೆಂದು ಇದ್ದ ಒಂದೇ ಜಾಗವನ್ನೂ ಸಂತೆಯಾಗಿ ಮಾಡಿಬಿಟ್ಟರೆ ಅವರು ದೇವರನ್ನು ಎಲ್ಲಿ ಹುಡುಕಬೇಕು? ಇನ್ನು ಪಾರಿವಾಳ ಮಾರುವವರನ್ನು ನೋಡಿ. ಕುರಿ ಕೊಡಲಾಗದ ಬಡವರು ಪಾರಿವಾಳ ಅರ್ಪಿಸಬಹುದೆಂದು ಮೋಶೆಯ ಧರ್ಮಶಾಸ್ತ್ರ ಹೇಳುತ್ತಿತ್ತು. ಮರಿಯಮಾತೆ ಮತ್ತು ಸಂತ ಜೋಸೆಫರು ಬಾಲಯೇಸುವನ್ನು ದೇವಾಲಯಕ್ಕೆ ತಂದಾಗ ಅರ್ಪಿಸಿದ್ದು ಈ ಬಡವರ ಕಾಣಿಕೆಯನ್ನೇ. ಬಡವರ ಭಕ್ತಿಯೂ ವ್ಯಾಪಾರವಾಗಿದ್ದನ್ನು ಯೇಸು ಕಂಡರು.

ಮೂರನೆಯದಾಗಿ, ಆ ಕೋಪಕ್ಕೆ ಮೇರೆಯಿತ್ತು. ನಾಣ್ಯಗಳು ಚೆಲ್ಲಿದವು, ಮೇಜುಗಳು ಉರುಳಿದವು. ಆದರೆ ಪಾರಿವಾಳಗಳ ಪಂಜರವನ್ನು ಅವರು ಉರುಳಿಸಿದರೆಂದು ಯೊವಾನ್ನರು ಬರೆಯುವುದಿಲ್ಲ. ಇವನ್ನು ಹೊರಗೆ ಕೊಂಡೊಯ್ಯಿರಿ ಎಂದು ಮಾರುವವರಿಗೆ ಹೇಳಿದರು, ಅಷ್ಟೆ. ಚೆಲ್ಲಿದ ನಾಣ್ಯವನ್ನು ಆರಿಸಿಕೊಳ್ಳಬಹುದು. ನೆಲಕ್ಕೆ ಬಿದ್ದ ಪಂಜರದೊಳಗಿನ ಹಕ್ಕಿ ಸತ್ತರೆ ಮತ್ತೆ ಬಾರದು. ಆ ಗದ್ದಲದ ನಡುವೆಯೂ ಅವರಿಗೆ ಈ ಎಚ್ಚರವಿತ್ತು. ಮಾರ್ಕ 3ನೇ ಅಧ್ಯಾಯದಲ್ಲೂ ಹೀಗೆಯೇ. ಸಬ್ಬತ್ ದಿನ ಕೈ ಬತ್ತಿದ ಮನುಷ್ಯನನ್ನು ಕಂಡೂ ಬಾಯಿ ಬಿಡದೆ ಕುಳಿತವರನ್ನು ಯೇಸು ಕೋಪದಿಂದ, ಅವರ ಕಲ್ಲೆದೆಗಾಗಿ ಮರುಗುತ್ತಾ ನೋಡಿದರು. ಕೋಪದ ಪಕ್ಕದಲ್ಲೇ ದುಃಖವಿತ್ತು. ಮುಂದೆ ಅವರು ಮಾಡಿದ್ದು ಯಾರನ್ನೂ ಹೊಡೆಯುವ ಕೆಲಸವಲ್ಲ, ಒಂದು ಕೈಯನ್ನು ಗುಣಪಡಿಸುವ ಕೆಲಸ.

ಪ್ರಿಯರೇ, ಈಗ ನಮ್ಮ ಕೋಪಗಳನ್ನು ಇದರ ಪಕ್ಕದಲ್ಲಿಟ್ಟು ನೋಡೋಣ.

ಪ್ರವಾದಿ ಯೋನನ ಕಥೆ ನಿಮಗೆ ಗೊತ್ತು. ನಿನೆವೆ ಪಟ್ಟಣದ ಜನ ಪಶ್ಚಾತ್ತಾಪಪಟ್ಟು ಉಳಿದುಕೊಂಡಾಗ ಅವನಿಗೆ ಸಿಟ್ಟು ಬಂತು. ತನಗೆ ನೆರಳು ಕೊಟ್ಟ ಗಿಡ ಹುಳುಬಿದ್ದು ಒಣಗಿದಾಗ ಸಾಯುವಷ್ಟು ಸಿಟ್ಟು ಬಂತು. ಆ ಗಿಡವನ್ನು ಕೆಲವರು ಸೋರೆಬಳ್ಳಿ ಎಂದು ಅನುವಾದಿಸುತ್ತಾರೆ. ಅದು ಹರಳು ಗಿಡವೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಕಡಲೆಕಾಯಿ ಹೊಲದಲ್ಲಿ ಹರಳು ಬೆಳೆಯುವ ನಮಗೆ ಅದರ ನೆರಳು ಎಷ್ಟೆಂದು ಗೊತ್ತು. ಅಷ್ಟು ನೆರಳಿಗಾಗಿ ಯೋನ ದೇವರೊಡನೆ ಜಗಳಕ್ಕೆ ನಿಂತ. ಲಕ್ಷಕ್ಕೂ ಮಿಕ್ಕ ಜನರ ಪ್ರಾಣ ಅವನಿಗೆ ಲೆಕ್ಕಕ್ಕಿರಲಿಲ್ಲ.

ನಮ್ಮ ಕೋಪಗಳಲ್ಲಿ ಬಹುಪಾಲು ಹರಳು ಗಿಡದ ಕೋಪಗಳೇ. ಸಾರಿಗೆ ಉಪ್ಪು ಹೆಚ್ಚಾಯಿತು, ಮದುವೆಯಲ್ಲಿ ನಮ್ಮನ್ನು ಮೊದಲ ಪಂಕ್ತಿಗೆ ಕರೆಯಲಿಲ್ಲ, ಹಬ್ಬದ ತೇರಿಗೆ ಹೆಗಲು ಕೊಡಲು ನಮ್ಮ ಕೇರಿಯವರಿಗೆ ಅವಕಾಶ ತಪ್ಪಿತು, ಅಣ್ಣ ಬದುವನ್ನು ಒಂದು ಗೇಣು ಒತ್ತರಿಸಿದ. ಇಂಥವಕ್ಕೆ ಸಹೋದರರು ಹತ್ತು ವರ್ಷ ಮಾತು ಬಿಡುತ್ತಾರೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯಂತೆ, ಹೊರಗೆ ಧಣಿಯ ಮುಂದೆ, ಅಧಿಕಾರಿಯ ಮುಂದೆ ತುಟಿ ಬಿಚ್ಚದ ಗಂಡಸು ಮನೆಗೆ ಬಂದು ಹೆಂಡತಿ ಮಕ್ಕಳ ಮೇಲೆ ಕೈಯೆತ್ತುತ್ತಾನೆ. ಅದನ್ನೇ ಶಿಸ್ತು ಎನ್ನುತ್ತಾನೆ. ಯೇಸುವೂ ಚಾವಟಿ ಹಿಡಿಯಲಿಲ್ಲವೇ ಎಂದು ಕೇಳುವವರೂ ಇರಬಹುದು. ಸ್ಪಷ್ಟವಾಗಿ ಹೇಳುತ್ತೇನೆ: ಹೆಂಡತಿಯನ್ನು ಹೊಡೆಯುವ ಕೋಪಕ್ಕೂ ಶುಭಸಂದೇಶಕ್ಕೂ ಯಾವ ಸಂಬಂಧವೂ ಇಲ್ಲ. ಯೇಸು ಬಲಾಢ್ಯರ ಎದುರು ನಿಂತು ಬಲಹೀನರ ಪರವಾಗಿ ಕೋಪಗೊಂಡರು. ತನಗಿಂತ ಬಲಹೀನರಾದವರ ಮೇಲೆ ಹರಿಯುವ ಕೋಪ ಹೇಡಿತನ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಅದು ಶಿಕ್ಷೆಗೆ ದಾರಿಯಾಗುವ ದೌರ್ಜನ್ಯ. ದೇವರ ಮುಂದೆ ಅದು ದೇವಾಲಯವನ್ನು ಕೆಡಿಸಿದ ಪಾಪ. ಏಕೆಂದರೆ ಇಂದಿನ ಎರಡನೆಯ ವಾಚನದಲ್ಲಿ ಸಂತ ಪೌಲರು, ದೇವರ ಆಲಯವೆಂದರೆ ನೀವೇ, ಪವಿತ್ರಾತ್ಮರ ವಾಸ ನಿಮ್ಮಲ್ಲೇ ಎಂದು ಕೊರಿಂಥದವರಿಗೆ ನೆನಪಿಸುತ್ತಾರೆ. ಕಲ್ಲಿನ ಗುಡಿಯೊಳಗೆ ಚಪ್ಪಲಿ ಬಿಟ್ಟು ಬರುವ ನಾವು ಜೀವಂತ ಗುಡಿಯ ಮೇಲೆ ಚಪ್ಪಲಿ ಎಸೆಯಬಹುದೇ?

ಹರಳು ಗಿಡಕ್ಕೆ ಉರಿಯುವ ಕೋಪ, ಉರಿಯಬೇಕಾದ ಕಡೆ ಏಕೆ ಮಲಗಿರುತ್ತದೆ? ಇದು ಇಂದಿನ ಎರಡನೆಯ ಪ್ರಶ್ನೆ.

2019ರ ಸೆಪ್ಟೆಂಬರ್ 16ರಂದು ಪಾವಗಡ ತಾಲ್ಲೂಕಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಆಗಿನ ಚಿತ್ರದುರ್ಗ ಕ್ಷೇತ್ರದ ಸಂಸದ ಎ. ನಾರಾಯಣಸ್ವಾಮಿಯವರು ಜನರ ಅಗತ್ಯಗಳನ್ನು ವಿಚಾರಿಸಲು ಪೆಮ್ಮನಹಳ್ಳಿಯ ಗೊಲ್ಲರಹಟ್ಟಿಗೆ ಬಂದಿದ್ದರು. ಅವರು ದಲಿತರು ಎಂಬ ಕಾರಣಕ್ಕೆ ಹಟ್ಟಿಯ ಬಾಗಿಲಲ್ಲೇ ತಡೆದರು. ನಮ್ಮ ಪಾವಗಡ, ಶಿರಾ ಎರಡೂ ಸೇರಿದ ಕ್ಷೇತ್ರದ ಜನ ಮತ ಹಾಕಿ ಲೋಕಸಭೆಗೆ ಕಳುಹಿಸಿದ ವ್ಯಕ್ತಿ ಊರ ಹೊರಗೆ ಕುರ್ಚಿಯ ಮೇಲೆ ಕುಳಿತು, ಒಳಗೆ ಹೋಗದೆ ಹಿಂದಿರುಗಿದರು. ಪೊಲೀಸರ ಬಲದಿಂದ ನುಗ್ಗಲು ಅವರು ಒಪ್ಪಲಿಲ್ಲ. ಸಂಸದರಿಗೇ ಹೀಗಾದರೆ, ಹೆಸರಿಲ್ಲದ ಕೂಲಿಯಾಳಿಗೆ ಎಷ್ಟು ಬಾಗಿಲುಗಳು ಮುಚ್ಚಿರಬೇಕು!

2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಬಲವಂತವಾಗಿ ದೂರವಿಡುವುದನ್ನು 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ನಿರ್ಬಂಧ ಕಾಯ್ದೆ ನಿಷೇಧಿಸಿದೆ. ಅದು 2020ರ ಜನವರಿಯಿಂದ ಜಾರಿಯಲ್ಲಿತ್ತು. ಕಾನೂನು ಬಂದಿತ್ತು, ಅದನ್ನು ಹಟ್ಟಿಯ ಬಾಗಿಲಿಗೆ ಕೊಂಡೊಯ್ಯುವ ಕೋಪ ಯಾರಲ್ಲೂ ಇರಲಿಲ್ಲ.

ಇದನ್ನು ಹೇಳುವಾಗ ಎಚ್ಚರ ಬೇಕು. ಹಟ್ಟಿಗಳ ಜನ ನಮ್ಮ ಶತ್ರುಗಳಲ್ಲ. ಕುರಿಗಳ ಹಿಂದೆ ಬಿಸಿಲಲ್ಲಿ ನಡೆದು ಬದುಕುವ ಬಡವರು ಅವರೂ. ಅವರ ಹೆಣ್ಣುಮಕ್ಕಳೇ ಆ ಪದ್ಧತಿಯ ಭಾರ ಹೊರುತ್ತಿರುವುದು. ನಮ್ಮ ಕೋಪ ಪದ್ಧತಿಯ ಮೇಲಿರಲಿ, ಜನರ ಮೇಲಲ್ಲ. ಇನ್ನೊಬ್ಬರ ಮನೆಯ ಕಸವನ್ನು ತೋರಿಸಿ ನಮ್ಮ ಅಂಗಳ ಶುದ್ಧ ಎನ್ನುವಂತೆಯೂ ಇಲ್ಲ. ಬಡವನ ಒಂದೇ ಕುರಿಮರಿಯನ್ನು ಕಸಿದ ಸಿರಿವಂತನ ಕಥೆ ಕೇಳಿ ದಾವೀದ ಅರಸ ಕಿಡಿಕಿಡಿಯಾದ. ಪ್ರವಾದಿ ನಾತಾನ ಬೆರಳು ತೋರಿಸಿದ್ದು ದಾವೀದನ ಕಡೆಗೇ.

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿದಾಗ, ಜಾತಿ ತಾರತಮ್ಯ ಧರ್ಮಸಭೆಯೊಳಗೂ ಉಳಿದಿದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ನಮ್ಮಲ್ಲಿ ಒಂದೇ ರೊಟ್ಟಿಯಲ್ಲಿ ಪಾಲ್ಗೊಂಡವರು ಹೊರಗೆ ಬಂದು, ನೆಂಟಸ್ತನದ ಮಾತು ಬಂದಾಗ, ಅವರು ಯಾವ ಪೈಕಿ ಎಂದು ಮೆಲ್ಲಗೆ ಕೇಳುವುದಿಲ್ಲವೇ? 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಸಿಕ್ಕಿಲ್ಲ. ಅದಕ್ಕಾಗಿ ಪ್ರತಿವರ್ಷ ಆಗಸ್ಟ್ 10ರಂದು ನಾಡಿನ ಕ್ರೈಸ್ತರು ಪ್ರತಿಭಟನೆಯ ದಿನ ಆಚರಿಸುತ್ತಾರೆ. ಅದು ನ್ಯಾಯವಾದ ಕೋಪ. ಆದರೆ ಸರ್ಕಾರದ ಮುಂದೆ ಆ ಕೋಪ ತೋರಿಸುವ ನಾವು, ನಮ್ಮ ಮನೆಯ ಜಗಲಿಯಲ್ಲೂ ಅದೇ ಸಮಾನತೆಗಾಗಿ ಕೋಪಗೊಳ್ಳಬೇಕು.

ನಮ್ಮ ಜನರಿಗೆ ಕೋಪ ಬಾರದಿರಲು ಇನ್ನೊಂದು ಕಾರಣವೂ ಇದೆ. ಬಡವನ ಕೋಪ ದವಡೆಗೆ ಮೂಲ ಎಂದು ಗಾದೆ ಹೇಳುತ್ತದೆ. ಅದು ಪೆಟ್ಟು ತಿಂದವರ ಅನುಭವ. ಎದುರು ಮಾತನಾಡಿದರೆ ನಾಳೆ ಕೂಲಿ ಇಲ್ಲ, ಸಾಲ ಇಲ್ಲ, ಬೀದಿ ನಲ್ಲಿಯಲ್ಲಿ ಜಗಳ. ಆದ್ದರಿಂದ ನುಂಗಿಕೊಳ್ಳುತ್ತಾರೆ. ಪಾವಗಡ, ಶಿರಾ, ಮಧುಗಿರಿಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ವಯಸ್ಸಾಗುವ ಮೊದಲೇ ಮೊಣಕಾಲು, ಸೊಂಟ ಬಿಗಿಯುತ್ತದೆ. ನಾವು ಅದನ್ನು ಹಣೆಬರಹ ಎಂದೆವು. ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕ ಕೆಟ್ಟು ನಿಂತರೆ ಕೊಡ ಹಿಡಿದು ಪಕ್ಕದೂರಿಗೆ ನಡೆಯುತ್ತೇವೆ. ತಾಳ್ಮೆ ಒಳ್ಳೆಯ ಗುಣ. ಆದರೆ ನನ್ನ ತಾಳ್ಮೆಯ ಬೆಲೆಯನ್ನು ಪಕ್ಕದ ಮನೆಯ ಮಗು ತನ್ನ ಮೂಳೆಗಳಿಂದ ತೆರುತ್ತಿದ್ದರೆ ಅದು ತಾಳ್ಮೆಯಲ್ಲ.

ಹಾಗಾದರೆ ಎದ್ದ ಕೋಪವೆಲ್ಲ ಒಳ್ಳೆಯದೇ? ಅಲ್ಲ. ನ್ಯಾಯವಾಗಿ ಆರಂಭವಾದ ಕೋಪವೂ ದಾರಿ ತಪ್ಪಬಹುದು.

ಮೋಶೆಗಿಂತ ನ್ಯಾಯವಂತ ಯಾರು? ಮರುಭೂಮಿಯಲ್ಲಿ ನೀರಿಲ್ಲದೆ ಜನ ಗೊಣಗಿದಾಗ, ಬಂಡೆಗೆ ಮಾತಿನಿಂದ ಆಜ್ಞಾಪಿಸು ಎಂದು ದೇವರು ಹೇಳಿದ್ದರು. ಮೋಶೆ ರೇಗಿ, ಜನರನ್ನು ಬೈದು, ಕೋಲಿನಿಂದ ಬಂಡೆಯನ್ನು ಎರಡು ಸಾರಿ ಹೊಡೆದ. ನೀರು ಬಂತು. ಆದರೆ ವಾಗ್ದಾನದ ನಾಡಿಗೆ ಮೋಶೆ ಕಾಲಿಡಲಿಲ್ಲ (ಸಂಖ್ಯಾಕಾಂಡ 20). ಕೆಲಸವಾಯಿತು ಎಂಬುದೊಂದೇ ಕೋಪವನ್ನು ಸಮರ್ಥಿಸುವುದಿಲ್ಲ.

2005ರ ಫೆಬ್ರವರಿಯನ್ನು ಪಾವಗಡದವರು ಮರೆತಿರಲಾರರು. ಅದೇ ತಿಂಗಳ ಆರಂಭದಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾಗಿದ್ದರು. ಕೆಲವೇ ದಿನಗಳಲ್ಲಿ, ನಮ್ಮ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ತಂಗಿದ್ದ ಮೀಸಲು ಪೊಲೀಸರ ಮೇಲೆ ರಾತ್ರಿ ದಾಳಿ ನಡೆದು ಹಲವರು ಪ್ರಾಣ ಕಳೆದುಕೊಂಡರು. ಬರ, ಬಡತನ, ದಬ್ಬಾಳಿಕೆಯ ವಿರುದ್ಧ ಕೋಪ ಹುಟ್ಟಲು ಈ ನೆಲದಲ್ಲಿ ಕಾರಣಗಳಿದ್ದವು. ಆದರೆ ಆ ರಾತ್ರಿ ಸತ್ತವರು ಬರವನ್ನು ತಂದವರಲ್ಲ. ಸಂಬಳಕ್ಕಾಗಿ ಕೆಲಸಕ್ಕೆ ಸೇರಿದ, ಊರಿನಲ್ಲಿ ತಾಯಿ ತಂದೆಯರಿದ್ದ ಮಕ್ಕಳು. ಆ ದಾಳಿಯಿಂದ ಒಂದು ಕೆರೆಯೂ ತುಂಬಲಿಲ್ಲ, ಒಂದು ಸಾಲವೂ ತೀರಲಿಲ್ಲ. ನ್ಯಾಯದ ಕೋಪ ಸೇಡಾಗಿ ಹೊರಳಿದ ಕ್ಷಣದಲ್ಲಿ ಬಡವನನ್ನು ಮರೆಯುತ್ತದೆ. ಅದಕ್ಕೆ ಶತ್ರು ಮಾತ್ರ ಕಾಣುತ್ತಾನೆ. ಸಮಾರಿಯದ ಒಂದು ಹಳ್ಳಿ ಯೇಸುವನ್ನು ಸೇರಿಸಿಕೊಳ್ಳದಿದ್ದಾಗ ಯಕೋಬ ಯೊವಾನ್ನರು ಆಕಾಶದಿಂದ ಬೆಂಕಿ ಬೀಳಿಸಲೇ ಎಂದು ಕೇಳಿದರು. ಯೇಸು ತಿರುಗಿ ಅವರನ್ನೇ ಗದರಿಸಿದರು. ಮುಚ್ಚಿದ ಬಾಗಿಲಿಗೆ ಬೆಂಕಿ ಉತ್ತರವಲ್ಲ.

ಮತ್ತೆ ಉತ್ತರ ಯಾವುದು? ನೆಹೆಮೀಯನ ಗ್ರಂಥದ 5ನೇ ಅಧ್ಯಾಯವನ್ನು ಮನೆಗೆ ಹೋಗಿ ಕುಟುಂಬದವರೆಲ್ಲ ಕೂಡಿ ಓದಿರಿ. ನಮ್ಮ ತಾಲ್ಲೂಕುಗಳಿಗಾಗಿಯೇ ಬರೆದಂತಿದೆ. ಬರಗಾಲ, ಕಾಳಿಗಾಗಿ ಜನ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟಿದ್ದಾರೆ. ತೆರಿಗೆ ಕಟ್ಟಲು ಸಾಲ ಮಾಡಿದ್ದಾರೆ. ಗಂಡು ಹೆಣ್ಣುಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದಾರೆ. ಸಾಲ ಕೊಟ್ಟವರು ಬೇರೆ ಯಾರೂ ಅಲ್ಲ, ಅವರದೇ ಕುಲದವರು. ತಾಯಂದಿರ ಗೋಳು ಕೇಳಿ ನೆಹೆಮೀಯನಿಗೆ ಬಹಳ ಕೋಪ ಬಂತು. ಆಮೇಲೆ ಏನು ಮಾಡಿದ? ಮೊದಲು ತನ್ನೊಳಗೇ ಆಲೋಚಿಸಿದ. ನಂತರ ಸಾಹುಕಾರರ ಮುಖಕ್ಕೇ ಹೇಳಿದ, ಬೆನ್ನ ಹಿಂದೆ ಅಲ್ಲ. ಒಬ್ಬನೇ ಕಿತ್ತಾಡದೆ ಎಲ್ಲರ ಸಭೆ ಕರೆದ. ತಾನೂ ತನ್ನವರೂ ಹಣ, ಕಾಳು ಸಾಲ ಕೊಟ್ಟಿದ್ದನ್ನು ಸಭೆಯಲ್ಲೇ ಒಪ್ಪಿಕೊಂಡು, ಇನ್ನು ಮುಂದೆ ಇದನ್ನು ಬಿಡೋಣ ಎಂದ. ಹೊಲಮನೆಗಳನ್ನು ಹಿಂದಿರುಗಿಸುವುದಾಗಿ ಯಾಜಕರ ಮುಂದೆ ಪ್ರಮಾಣ ಮಾಡಿಸಿದ. ಅಧಿಕಾರಿಯಾಗಿ ತನಗೆ ಸಲ್ಲಬೇಕಾದ ಭತ್ಯವನ್ನು ಹನ್ನೆರಡು ವರ್ಷ ಮುಟ್ಟಲಿಲ್ಲ. ಯಾರ ತಲೆಯೂ ಉರುಳಲಿಲ್ಲ, ಹೊಲಗಳು ಹಿಂದಿರುಗಿದವು.

ಜೀತ ಎಂಬ ಪದ ನಮ್ಮ ಹಿರಿಯರಿಗೆ ಹೊಸದಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂದ ಮೇಲೂ ಸಾಲದ ಕುಣಿಕೆ ಹೊಸ ಹೊಸ ರೂಪ ತಾಳಿತು. ಕಿರುಸಾಲದ ಕಂತಿಗಾಗಿ ಮನೆಬಾಗಿಲಲ್ಲಿ ನಿಂತು ಅವಮಾನಿಸುವ ಕಾಟಕ್ಕೆ ರಾಜ್ಯದಲ್ಲಿ ಎಷ್ಟೋ ಕುಟುಂಬಗಳು ಊರು ಬಿಟ್ಟವು, ಕೆಲವರು ಪ್ರಾಣ ಕಳೆದುಕೊಂಡರು. ಆ ನೋವಿನ ಕೂಗಿನ ನಂತರವೇ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತಂದಿತು. ಸಂಘದ ಹೆಣ್ಣುಮಕ್ಕಳೇ, ಕಂತು ಕಟ್ಟಲಾಗದ ಸಹೋದರಿಯ ಬಾಗಿಲಿಗೆ ಗುಂಪುಗೂಡಿ ಹೋಗಿ ಕೂಗಾಡುವಾಗ ನಿಮ್ಮ ಕೋಪ ಯಾರ ಪರವಾಗಿದೆ ಎಂದು ಒಂದು ಸಾರಿ ಕೇಳಿಕೊಳ್ಳಿ.

ನಮ್ಮ ಕಾಲದ ಒಬ್ಬ ಧನ್ಯೆ ಈ ನೆಹೆಮೀಯನ ದಾರಿಯಲ್ಲಿ ನಡೆದರು. ಕೇರಳದಲ್ಲಿ ಹುಟ್ಟಿದ, ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಸಭೆಯ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಉದಯನಗರ ಸೀಮೆಯ ಬಡ ರೈತರ ನಡುವೆ ಸೇವೆ ಮಾಡುತ್ತಿದ್ದರು. ಬಡ್ಡಿಯ ಬಲೆಯಲ್ಲಿ ಸಿಕ್ಕ ರೈತರಿಗೆ ಉಳಿತಾಯ ಕಲಿಸಿದರು, ಬ್ಯಾಂಕಿನ ದಾರಿ ತೋರಿಸಿದರು, ಹಕ್ಕುಗಳನ್ನು ತಿಳಿಸಿದರು. ಅವರ ಕೋಪ ಭಾಷಣದಲ್ಲಿ ಕಾಣಲಿಲ್ಲ, ಈ ಕೆಲಸದಲ್ಲಿ ಕಂಡಿತು. ಬಡ್ಡಿ ವ್ಯಾಪಾರಿಗಳಿಗೆ ಅದು ಸಹನೆಯಾಗಲಿಲ್ಲ. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದ ಅವರನ್ನು ಬಾಡಿಗೆಯ ಕೊಲೆಗಾರ ಇರಿದು ಕೊಂದ. ಮುಂದೆ ಅವರ ತಂಗಿ, ಅವರೂ ಕನ್ಯಾಸ್ತ್ರೀ, ಸೆರೆಮನೆಗೆ ಹೋಗಿ ಆ ಕೊಲೆಗಾರನಿಗೆ ರಾಖಿ ಕಟ್ಟಿ ಸಹೋದರನೆಂದು ಕರೆದರು. ಅವನು ಬೇರೆ ಮನುಷ್ಯನಾದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಲಾಯಿತು. ಅಕ್ಕ ಅನ್ಯಾಯದೊಡನೆ ರಾಜಿಯಾಗಲಿಲ್ಲ. ತಂಗಿ ಅನ್ಯಾಯ ಮಾಡಿದವನನ್ನು ದ್ವೇಷಿಸಲಿಲ್ಲ. ಕ್ರೈಸ್ತರ ಕೋಪಕ್ಕೆ ಈ ಎರಡೂ ಬೇಕು.

ಪ್ರಿಯ ಕುಟುಂಬಗಳೇ, ಈ ಹಬ್ಬದಿಂದ ಮನೆಗೆ ಏನನ್ನು ಕೊಂಡೊಯ್ಯೋಣ?

ಕೋಪ ಬಂದಾಗ ಮೊದಲು ಕೇಳಿಕೊಳ್ಳೋಣ: ಇದು ಯಾರಿಗಾಗಿ? ನನ್ನ ಮಾನಕ್ಕಾಗಿಯೇ ಆದರೆ ಒಂದು ರಾತ್ರಿ ಕಾಯೋಣ. ಬೆಳಗಿನ ಹೊತ್ತಿಗೆ ಅದು ಹರಳು ಗಿಡದಂತೆ ಬಾಡಿರುತ್ತದೆ. ಸೂರ್ಯ ಮುಳುಗುವ ಮುನ್ನ ಮುನಿಸನ್ನು ಮುಗಿಸಬೇಕೆಂದು ಸಂತ ಪೌಲರು ಎಫೆಸದವರಿಗೆ ಬುದ್ಧಿ ಹೇಳುತ್ತಾರೆ. ಗಂಡ ಹೆಂಡಿರ ಜಗಳಕ್ಕೆ, ಅಣ್ಣತಮ್ಮಂದಿರ ಬದುವಿನ ವ್ಯಾಜ್ಯಕ್ಕೆ ಇದೇ ಮದ್ದು. ಮಾತು ಬಿಟ್ಟ ಸಹೋದರನ ಮನೆಗೆ ಇಂದೇ ಹೋಗಿ ಬನ್ನಿ.

ಅದು ಇನ್ನೊಬ್ಬರಿಗಾಗಿ ಬಂದ ಕೋಪವಾದರೆ ಮಲಗಲು ಬಿಡಬೇಡಿ, ಹಗ್ಗದಂತೆ ಹೊಸೆಯಿರಿ. ಶುದ್ಧ ನೀರಿನ ಘಟಕ ಕೆಟ್ಟಿದ್ದರೆ ಹತ್ತು ಮನೆಯವರು ಸೇರಿ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡಿ, ಗ್ರಾಮಸಭೆಯಲ್ಲಿ ಎದ್ದು ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಓದಿದ ಮಕ್ಕಳು ನೆರವಾಗಲಿ. ಒಬ್ಬ ಬಡವನ ಕೋಪ ದವಡೆಗೆ ಮೂಲವಾಗಬಹುದು. ನೂರು ಜನ ಸಹಿ ಹಾಕಿದ ಕಾಗದದ ದವಡೆಯನ್ನು ಮುರಿಯುವುದು ಸುಲಭವಲ್ಲ. ಪಕ್ಕದ ಮನೆಯಲ್ಲಿ ಹೆಣ್ಣುಮಗಳ ಅಳು ಕೇಳಿದರೆ ಅದು ಅವರ ಮನೆಯ ವಿಷಯ ಎನ್ನಬೇಡಿ, ಬಾಗಿಲು ತಟ್ಟಿ. ಹೋಟೆಲಿನಲ್ಲಿ, ಬಾವಿಕಟ್ಟೆಯಲ್ಲಿ, ಮದುವೆಯ ಪಂಕ್ತಿಯಲ್ಲಿ ಯಾರನ್ನಾದರೂ ಜಾತಿ ನೋಡಿ ದೂರ ಕೂರಿಸಿದರೆ, ಕೂಗಾಡದೆ ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅದೂ ಮೇಜು ಉರುಳಿಸಿದಂತೆಯೇ.

ಕೊನೆಯದಾಗಿ, ನಮ್ಮ ಕೋಪ ಪ್ರಾರ್ಥನೆಯ ಮೂಲಕ ಹಾದುಹೋಗಲಿ. ಎದುರಾಳಿಯ ಹೆಸರು ಹಿಡಿದು ದೇವರ ಮುಂದೆ ಒಂದು ಪರಲೋಕ ಮಂತ್ರವನ್ನಾದರೂ ಹೇಳಲು ಸಾಧ್ಯವಾಗುತ್ತಿದೆಯೇ? ಸಾಧ್ಯವಾದರೆ ಮುಂದೆ ಹೋಗಿ. ಆಗದಿದ್ದರೆ ಅದು ದ್ವೇಷವಾಗಿ ಹುಳಿಯತೊಡಗಿದೆ ಎಂದೇ ಅರ್ಥ. ಇನ್ನೂ ಸ್ವಲ್ಪ ಹೊತ್ತು ದೇವರ ಮುಂದೆ ಕೂತಿರಿ.

ಇಂದಿನ ಮೊದಲನೆಯ ವಾಚನದಲ್ಲಿ ಪ್ರವಾದಿ ಯೆಹೆಜ್ಕೇಲನಿಗೆ ಒಂದು ದರ್ಶನವಾಗುತ್ತದೆ. ದೇವಾಲಯದ ಹೊಸ್ತಿಲಿನ ಕೆಳಗಿನಿಂದ ನೀರು ಜಿನುಗಿ, ಹರಿದು, ನದಿಯಾಗಿ ಒಣನಾಡಿಗೆ ಇಳಿಯುತ್ತದೆ. ಅದು ಹೋದಲ್ಲೆಲ್ಲ ಉಪ್ಪುನೀರು ಸಿಹಿಯಾಗುತ್ತದೆ, ದಡದ ಮರಗಳು ಬಾಡದೆ ತಿಂಗಳು ತಿಂಗಳೂ ಹಣ್ಣು ಬಿಡುತ್ತವೆ, ಅವುಗಳ ಎಲೆ ಮದ್ದಾಗುತ್ತದೆ. ಕೊಡ ಹೊತ್ತು ನಡೆದವರಿಗೆ, ಕೊಳವೆಬಾವಿ ಬತ್ತಿದ್ದನ್ನು ಕಂಡವರಿಗೆ ಇದಕ್ಕಿಂತ ದೊಡ್ಡ ಶುಭವಾರ್ತೆ ಯಾವುದು? ಆ ನೀರು ಹೊರಡುವುದು ಹೊಸ್ತಿಲಿನಿಂದ. ಹೊಸ್ತಿಲಿಗೆ ಅಡ್ಡಲಾಗಿ ಮೇಜು ಹಾಕಿ ವ್ಯಾಪಾರಕ್ಕೆ ಕುಳಿತರೆ ನೀರು ಹೊರಗೆ ಹರಿಯುವುದು ಹೇಗೆ? ಯೇಸುಸ್ವಾಮಿಯ ಕೋಪ ಆ ಹೊಸ್ತಿಲನ್ನು ತೆರವುಗೊಳಿಸಿತು. ಮುಂದೆ ಶಿಲುಬೆಯ ಮೇಲೆ ಅವರ ಪಕ್ಕೆಯನ್ನು ತಿವಿದಾಗ, ಅವರ ದೇಹವೆಂಬ ದೇವಾಲಯದಿಂದ ರಕ್ತವೂ ನೀರೂ ಹರಿದವು. ಇತರರಿಗಾಗಿ ಕೋಪಗೊಂಡವರು ಅದರ ಬೆಲೆಯನ್ನು ಇತರರ ಮೇಲೆ ಹೇರದೆ ತಾವೇ ತೆತ್ತರು.

ಪ್ರಭುವೇ, ನಮ್ಮ ಸಣ್ಣ ಕೋಪಗಳನ್ನು ತಣಿಸಿರಿ, ಮಲಗಿರುವ ದೊಡ್ಡ ಕೋಪವನ್ನು ಎಬ್ಬಿಸಿರಿ. ನಮ್ಮ ಹೊಸ್ತಿಲುಗಳಿಗೆ ಅಡ್ಡವಾಗಿರುವುದನ್ನು ನೀವೇ ತೆಗೆದುಹಾಕಿರಿ. ನಿಮ್ಮ ಆಲಯದಿಂದ ಹೊರಡುವ ನೀರು ಈ ಒಣನಾಡಿನ ಕೊನೆಯ ಮನೆಯವರೆಗೂ, ಊರ ಹೊರಗಿನ ಗುಡಿಸಲಿನವರೆಗೂ ಹರಿಯಲಿ. ಆಮೆನ್.